ಐದನೆಯ ಸಾಲು

ಸುಗುಣಳ ಪೆಟ್ಟಿಗೆಯಿಂದ ಆ ಒಂಬತ್ತು ಹಾಳೆ ತೆಗೆದವಳು ನಾನು. ಬೇರೆ ಯಾರ ಮೇಲೂ ಅನುಮಾನ ಬರಬಾರದು ಅಂತ ಮೊದಲೇ ಹೇಳಿಬಿಡುತ್ತೇನೆ. ಪೆಟ್ಟಿಗೆ ತೆರೆಯುವ ಹಿಂದಿನ ದಿನ ಮಧ್ಯಾಹ್ನ, ಊಟದ ಗಂಟೆ ಹೊಡೆದು ಮಕ್ಕಳೆಲ್ಲ ತಟ್ಟೆ ಹಿಡಿದು ನಿಂತಾಗ, ಪೆಟ್ಟಿಗೆ ಕೋಣೆಗೆ ಹೋಗಿ ಅರವತ್ತೊಂದನೇ ನಂಬರಿನ ಬೀಗ ತೆಗೆದೆ. ಬೇಡ ಅನಿಸಿದ್ದನ್ನು ಹೆಕ್ಕಿ ಮಡಚಿ ನನ್ನ ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡೆ. ಕೈ ನಡುಗಲಿಲ್ಲ. ಒಳ್ಳೆಯದು ಮಾಡುತ್ತಿದ್ದೇನೆ ಅಂತ ಗಟ್ಟಿಯಾಗಿ ನಂಬಿದವರ ಕೈ ನಡುಗುವುದಿಲ್ಲ.

ನಮ್ಮೂರಲ್ಲಿ ಅಕ್ಷರ ಇರುವುದು ಬರೆದವರಿಗೆ ಅದು ನೆನಪಿರುವಷ್ಟು ದಿನ. ಮರೆತರೆ ಮಾಸುತ್ತದೆ. ಇದಕ್ಕೆ ನಾವೆಲ್ಲ ಹೊಂದಿಕೊಂಡಿದ್ದೇವೆ. ನಾಟಿ ವೈದ್ಯ ಪೊಟ್ಟಣದ ಮೇಲೆ ಬರೆದುಕೊಟ್ಟ ಹೆಸರು ಮನೆ ಮುಟ್ಟುವಷ್ಟರಲ್ಲಿ ತೆಳ್ಳಗಾಗಿದ್ದರೆ ಆ ಔಷಧಿ ಯಾರೂ ಕುಡಿಯುವುದಿಲ್ಲ. ಹುಡುಗ ಬರೆದ ಕಾಗದವನ್ನು ನಮ್ಮ ಹುಡುಗಿಯರು ಒಂದು ತಿಂಗಳು ಅಕ್ಕಿ ಡಬ್ಬದಲ್ಲಿಟ್ಟು ಆಮೇಲೆ ಓದುತ್ತಾರೆ. ಕ್ಷೌರದಂಗಡಿಯ ಬೋರ್ಡು ಮಾತ್ರ ಅರವತ್ತು ವರ್ಷದಿಂದ ಮಿರಿಮಿರಿ ಮಿಂಚುತ್ತಿದೆ, ಅದನ್ನು ಬರೆದ ತಾತ ಯಾವತ್ತೋ ತೀರಿಕೊಂಡ. ಸತ್ತವರು ಏನನ್ನೂ ಮರೆಯುವುದಿಲ್ಲ.

ಇಂಥ ಊರಲ್ಲಿ ಪರೀಕ್ಷೆ ಇಟ್ಟು ಮಾಡುವುದೇನು? ನಮ್ಮ ಶಾಲೆಯಲ್ಲಿ ಏಳನೇ ತರಗತಿಯ ಒಂದೊಂದು ಮಗುವಿಗೂ ಒಂದೊಂದು ತಗಡಿನ ಪೆಟ್ಟಿಗೆ. ಜೂನ್ ತಿಂಗಳಿಂದ ವಾರ ವಾರವೂ ಮಗು ಬರೆದದ್ದು, ಮಾಡಿದ್ದು ಅದರೊಳಗೆ ಬೀಳುತ್ತದೆ. ಅಪ್ಪ ಹೇಳಿ ಬರೆಸಿದ ಲೆಕ್ಕ ಒಂದು ಅಮಾವಾಸ್ಯೆ ದಾಟುವುದಿಲ್ಲ, ಹಾಳೆ ಬೆಳ್ಳಗಾಗಿ ಕೂತಿರುತ್ತದೆ. ಮಾರ್ಚ್ ಕೊನೆಗೆ ತಾಯಿತಂದೆಯರ ಎದುರಿಗೆ ಪೆಟ್ಟಿಗೆ ತೆರೆಯುತ್ತಾರೆ. ಉಳಿದದ್ದನ್ನು ಹೆಡ್‌ಮಾಸ್ಟರ ಕೋಣೆಯ ಗೋಡೆಗಿರುವ ಹಲಗೆಗೆ ಹೋಲಿಸಿ ನೋಡುತ್ತಾರೆ. ಹಲಗೆಯಲ್ಲಿ ಮೇಲಿಂದ ಕೆಳಕ್ಕೆ ಸಾಲುಗಳು: ಓದು, ಬರಹ, ಲೆಕ್ಕ, ಕೈಕೆಲಸ. ಒಂದೊಂದು ಸಾಲಿಗೂ ನಾಲ್ಕು ಮನೆ. ತಿಳಿದಿಲ್ಲ ಅನ್ನುವುದು ಮೊದಲ ಮನೆ, ತೋರಿಸಿಕೊಟ್ಟರೆ ಮಾಡುತ್ತಾರೆ ಅನ್ನುವುದು ಎರಡನೆಯದು, ತಾವೇ ಮಾಡುತ್ತಾರೆ ಮೂರನೆಯದು, ಇನ್ನೊಬ್ಬರಿಗೆ ಕಲಿಸುತ್ತಾರೆ ನಾಲ್ಕನೆಯದು. ಒಂದೊಂದು ಮನೆಗೂ ಒಂದು ಮೊಳೆ. ಮಗು ಯಾವ ಮನೆಯಲ್ಲಿದೆಯೋ ಆ ಮೊಳೆಗೆ ಮಗುವಿನ ತಗಡಿನ ಬಿಲ್ಲೆ ನೇತುಬೀಳುತ್ತದೆ. ಈ ಲೆಕ್ಕಾಚಾರ ಊರಿಗೆಲ್ಲ ಎಷ್ಟು ಒಗ್ಗಿದೆಯೆಂದರೆ, ಮುದ್ದೆ ಕಟ್ಟುವುದರಲ್ಲಿ ನಮ್ಮ ಸೊಸೆ ಇನ್ನೂ ಎರಡನೇ ಮನೆ ಅಂತ ಅತ್ತೆಯರು ನಲ್ಲಿ ಹತ್ತಿರ ಮಾತಾಡಿಕೊಳ್ಳುತ್ತಾರೆ.

ಯಾವುದಾದರೂ ಒಂದು ಸಾಲಿನಲ್ಲಿ ಬಿಲ್ಲೆ ಮೊದಲ ಮನೆಗೆ ಬಿದ್ದರೆ ಮುಗಿಯಿತು. ಆ ಪೆಟ್ಟಿಗೆ ಅಟ್ಟಕ್ಕೆ, ಆ ಮಗು ಮನೆಗೆ. ಮೇಲಿನ ಸ್ಕೂಲಿಗೆ ದಾರಿಯಿಲ್ಲ. ಪೆಟ್ಟಿಗೆ ಎರಡನೇ ಸಲ ತೆರೆಯುವ ಪದ್ಧತಿ ನಮ್ಮಲ್ಲಿಲ್ಲ.

ನಾನು ಸಾಕಮ್ಮ. ಗಂಟೆ ಹೊಡೆಯುವುದು, ಕಸ ಗುಡಿಸುವುದು, ಪೆಟ್ಟಿಗೆಗಳ ಕೀಲಿ ಕಾಯುವುದು ನನ್ನ ಕೆಲಸ. ನಾನು ಓದಿದ್ದು ಎರಡನೇ ಕ್ಲಾಸು. ಆದರೆ ಹದಿನೆಂಟು ವರ್ಷ ಪೆಟ್ಟಿಗೆ ಹೊತ್ತವಳಿಗೆ ಮಕ್ಕಳ ಹಾಳೆ ಹಿಡಿದ ಕೂಡಲೇ ಒಳಗಿನದು ಗೊತ್ತಾಗುತ್ತದೆ. ಹೆಡ್‌ಮಾಸ್ಟರು ಹೇಗೆ ನೋಡುತ್ತಾರೆ ಅನ್ನುವುದೂ ನನಗೆ ಗೊತ್ತಿತ್ತು. ಅದೇ ಎಡವಟ್ಟಾಯಿತು.

ಸುಗುಣ ಪುರಿ ಹುರಿಯುವ ಭಟ್ಟಿಯ ಜಯಶೀಲಿಯ ಮಗಳು. ಜಯಶೀಲಿಯ ಎರಡೂ ಮುಂಗೈ ನೋಡಿದರೆ ಕಾದ ಮರಳು ಹಾರಿ ಬಿದ್ದ ಚುಕ್ಕೆಗಳು ಸಾಸಿವೆ ಚೆಲ್ಲಿದ ಹಾಗಿವೆ. ಭಟ್ಟಿ ಅವಳ ಭಾವನದು. ಸುಗುಣಳಿಗೆ ಹದಿಮೂರು ತುಂಬಿದ ದಿನವೇ ಆ ಭಾವ ಪುರಿಯಿಂದ ಮರಳು ಸೋಸಲು ಚಿಕ್ಕ ಹಿಡಿಯ ಒಂದು ಜರಡಿ ಮಾಡಿಸಿ ಗೋಡೆಗೆ ನೇತುಹಾಕಿದ್ದ. "ಮೇಲಿನ ಸ್ಕೂಲಿಗೆ ಹೋದ್ರೆ ಹೋಗ್ಲಿ. ಇಲ್ದಿದ್ರೆ ಸೋಮವಾರದಿಂದ ಇದ್ನ ಹಿಡೀಲಿ," ಅಂದಿದ್ದ. ಆ ಜರಡಿಯನ್ನು ನಾನೂ ನೋಡಿದ್ದೆ. ದೊಡ್ಡವರ ಕೈಗೆ ಅದು ಆಗುವುದಿಲ್ಲ.

ಸುಗುಣಳ ಪೆಟ್ಟಿಗೆಯ ವಿಷಯ ಬೇರೆ. ಎಲ್ಲ ಮಕ್ಕಳೂ ತಪ್ಪು ಮಾಡುತ್ತವೆ. ಮಾಡಿದ್ದನ್ನು ಮರೆಯುತ್ತವೆ, ಹಾಳೆ ತಾನಾಗಿ ಬೆಳ್ಳಗಾಗುತ್ತದೆ, ಅದು ಒಂದು ರೀತಿಯಲ್ಲಿ ಪುಣ್ಯವೇ. ಇವಳ ತಪ್ಪುಗಳು ಮಾತ್ರ ಒಂದೂ ಮಾಸಿರಲಿಲ್ಲ. ಜೂನ್ ತಿಂಗಳ ಭಿನ್ನರಾಶಿಯಿಂದ ಹಿಡಿದು ಒಂಬತ್ತು ಹಾಳೆ ಲೆಕ್ಕ, ಒಂದಕ್ಕಿಂತ ಒಂದು ತಪ್ಪು, ಅಡ್ಡಗೆರೆ ಎಳೆದು ಪಕ್ಕದಲ್ಲಿ ಏನೇನೋ ಬರೆದದ್ದು. ಎಲ್ಲವೂ ನಿನ್ನೆ ಬರೆದ ಹಾಗೆ ಕಪ್ಪಗಿದ್ದವು. ಇವಳ ಕ್ಲಾಸಿನ ನಸೀಮಾ ಮಿಸ್ ಆ ವರ್ಷ ಮಕ್ಕಳಿಗೆಲ್ಲ, "ತಪ್ಪು ಹಾಳೆ ಹರೀಬೇಡಿ, ಯಾಕೆ ತಪ್ಪಾಯ್ತು ಅಂತ ಪಕ್ಕದಲ್ಲಿ ಬರೀರಿ," ಅಂತ ಹೇಳಿಕೊಟ್ಟಿದ್ದರು. ಆ ಮಿಸ್ಸಿಗೆ ಊರು ಹೊಸದು, ನಮ್ಮ ಹೆಡ್‌ಮಾಸ್ಟರ ರೀತಿಯೂ ಅವರಿಗೆ ಗೊತ್ತಿರಲಿಲ್ಲ.

ಹೆಡ್‌ಮಾಸ್ಟರು ವೃಷಭೇಂದ್ರಪ್ಪನವರು. ಕೆಟ್ಟವರಲ್ಲ. ನನ್ನ ಗಂಡ ತೀರಿಕೊಂಡ ತಿಂಗಳೇ ಕರೆದು ಈ ಕೆಲಸ ಕೊಟ್ಟವರು ಅವರೇ. ಆ ಹಲಗೆಯನ್ನು ತಮ್ಮ ಕೈಯಾರೆ ಕಪ್ಪು ಬಣ್ಣದಲ್ಲಿ ಬರೆದವರೂ ಅವರೇ. ಆಗ ವರ್ಷಕ್ಕೆ ಇಪ್ಪತ್ತು ಪೆಟ್ಟಿಗೆ. ಒಂದೊಂದು ಹಾಳೆಯನ್ನೂ ಬೆಳಕಿಗೆ ಹಿಡಿದು ಓದೋರು. ಈಗ ಎಪ್ಪತ್ತು ಪೆಟ್ಟಿಗೆ, ಎಲ್ಲ ಒಂದೇ ದಿನದಲ್ಲಿ ಮುಗಿಯಬೇಕು. ಹಾಗಾಗಿ ಮೂರು ವರ್ಷದಿಂದ ಅವರು ಓದುವುದು ಬಿಟ್ಟು ತಿರುವುತ್ತಿದ್ದರು. ಶುದ್ಧವಾಗಿ ಕಂಡದ್ದಕ್ಕೆ ಮೂರನೇ ಮನೆ. ಗೀಚಾಟ, ಅಡ್ಡಗೆರೆ ಕಂಡರೆ ಮೊದಲ ಮನೆ. ಹಾಗೆ ಬಿದ್ದವರಲ್ಲಿ ಕುಂಬಾರ ಸೀನಪ್ಪನ ಮಗ ತಿಪ್ಪೇಶನೂ ಒಬ್ಬ. ಮೂರು ವರ್ಷದಲ್ಲಿ ಒಟ್ಟು ಹದಿನಾಲ್ಕು ಮಕ್ಕಳು. ನನಗೆ ಹೇಗೆ ಗೊತ್ತೆಂದರೆ ಅವುಗಳ ಪೆಟ್ಟಿಗೆ ಅಟ್ಟಕ್ಕೆ ಏರಿಸಿದವಳು ನಾನೇ.

ಅದಕ್ಕೇ ತೆಗೆದೆ. ತಿರುವುವವರ ಕಣ್ಣಿಗೆ ಶುದ್ಧವಾದದ್ದು ಮಾತ್ರ ಬೀಳಲಿ ಅಂತ. ಮನೆಗೆ ಹೋಗಿ ಒಲೆಗೆ ಹಾಕಬೇಕೆಂದಿದ್ದೆ. ಒಲೆ ಮುಂದೆ ಕೂತು ಬಿಚ್ಚಿ ನೋಡಿದೆ. ಅಷ್ಟು ಕಪ್ಪಗಿರುವ ಅಕ್ಷರವನ್ನು ಸುಡಲು ಮನಸ್ಸು ಒಪ್ಪಲಿಲ್ಲ, ಬದುಕಿರುವುದನ್ನು ಸುಟ್ಟ ಹಾಗೆ ಅನಿಸಿತು. ಮತ್ತೆ ಮಡಚಿ ಚೀಲದಲ್ಲೇ ಇಟ್ಟುಕೊಂಡೆ.

ಮಾರನೇ ದಿನ ಬೆಳಗ್ಗೆ ಎಂಟಕ್ಕೇ ಸೆಕೆ. ಕೋಣೆಯ ಒಳಗೆ ಇಪ್ಪತ್ತು ಜನ, ಕಿಟಕಿಯ ಹೊರಗೆ ಐವತ್ತು ಜನ. ನಾನು ಒಂದೊಂದೇ ಪೆಟ್ಟಿಗೆ ತಂದು ಮೇಜಿನ ಮೇಲಿಡುವುದು, ನಸೀಮಾ ಮಿಸ್ ತೆರೆಯುವುದು, ಹೆಡ್‌ಮಾಸ್ಟರು ತಿರುವುವುದು, ಬಿಲ್ಲೆ ಮೊಳೆಗೆ ಹಾಕಿ ತೆಗೆಯುವುದು. ತಗಡು ತಗಡಿಗೆ ಬಡಿದ ಸದ್ದು ಬಿಟ್ಟರೆ ಉಸಿರೂ ಕೇಳುತ್ತಿರಲಿಲ್ಲ. ಮೂರನೇ ಮನೆ ಸಿಕ್ಕಿದ ತಾಯಂದಿರು ಸೆರಗಲ್ಲಿ ಮುಖ ಒರೆಸಿಕೊಂಡು ಹೊರಗೆ ಹೋಗುವರು. ನಲವತ್ತೆರಡನೇ ಪೆಟ್ಟಿಗೆಯಲ್ಲಿ ಅರ್ಧಕ್ಕರ್ಧ ಬಿಳಿ ಹಾಳೆ. ಆ ಹುಡುಗನ ಅಪ್ಪ, "ನಮ್ಮ ಮನೇಲಿ ಶಾಯಿನೇ ಸರಿ ಇಲ್ಲ ಸಾರ್," ಅಂದ. ಯಾರೂ ನಗಲಿಲ್ಲ.

ಅರವತ್ತೊಂದು ಬಂದಾಗ ಹನ್ನೊಂದು ಗಂಟೆ. ಜಯಶೀಲಿ ಭಟ್ಟಿಯಿಂದ ನೇರ ಬಂದಿದ್ದಳು, ತಲೆಗೆ ಸುತ್ತಿದ ಬಟ್ಟೆಯನ್ನೂ ಬಿಚ್ಚಿರಲಿಲ್ಲ. ಸುಗುಣ ಅವಳ ಪಕ್ಕ ನಿಂತು ಒಂದು ಕಾಲಿನಿಂದ ಇನ್ನೊಂದು ಕಾಲು ಉಜ್ಜುತ್ತಿದ್ದಳು.

"ಅಕ್ಕ, ಚೆನ್ನಾಗೈತಾ?" ಅಂತ ಜಯಶೀಲಿ ನನ್ನ ಕಿವಿಯಲ್ಲಿ ಕೇಳಿದಳು.

"ಸುಮ್ನಿರೆ. ಎಲ್ಲಾ ಆಯ್ತದೆ," ಅಂದೆ.

ಹೆಡ್‌ಮಾಸ್ಟರು ತಿರುವಿದರು. ಓದು ಮೂರನೇ ಮನೆ. ಬರಹ ಮೂರು. ಕೈಕೆಲಸಕ್ಕೆ ಅವಳು ಮಾಡಿದ ಬಿದಿರಿನ ಮೊರ ನೋಡಿ ತಲೆಯಾಡಿಸಿ ಮೂರು. ಲೆಕ್ಕದ ಹಾಳೆಗಳನ್ನು ತಿರುವಿ, "ಹ್ಞೂಂ, ಶುದ್ಧವಾಗಿದೆ," ಅಂತ ಬಿಲ್ಲೆ ಕೈಗೆತ್ತಿಕೊಂಡರು. ನಾನು ಮುಂದಿನ ಪೆಟ್ಟಿಗೆ ತರಲು ತಿರುಗಿದೆ.

"ಒಂದ್ನಿಮಿಷ ಸಾರ್," ಅಂದರು ನಸೀಮಾ ಮಿಸ್. ಅವರ ಕೈ ಪೆಟ್ಟಿಗೆಯ ಮುಚ್ಚಳದ ಮೇಲಿತ್ತು. "ಹಾಳೆ ಕಮ್ಮಿ ಇದೆ."

ಮುಚ್ಚಳದ ಒಳಮೈಗೆ ಒಂದು ಚೀಟಿ ಅಂಟಿಸಿತ್ತು. ಆ ವರ್ಷ ಹೊಸದಾಗಿ ಮಕ್ಕಳ ಕೈಯಲ್ಲೇ ಹಾಳೆಗಳ ಪಟ್ಟಿ ಬರೆಸಿದ್ದರಂತೆ. ಹದಿನೆಂಟು ವರ್ಷ ಪೆಟ್ಟಿಗೆ ಹೊತ್ತರೂ ಮುಚ್ಚಳದ ಒಳಗೆ ನೋಡುವ ಅಭ್ಯಾಸ ನನಗಿರಲಿಲ್ಲ. ಮಿಸ್ ಆ ಮಾತಾಡಿದ್ದು ಹುಡುಗಿಗೆ ಒಳ್ಳೆಯದಾಗಲಿ ಅಂತ. ಆ ಹಾಳೆಗಳನ್ನು ಹೆಡ್‌ಮಾಸ್ಟರಿಗೆ ತೋರಿಸಬೇಕು ಅಂತ ಅವರು ವರ್ಷವಿಡೀ ಕಾದಿದ್ದರು ಅಂತ ಆಮೇಲೆ ತಿಳಿಯಿತು.

"ಎಷ್ಟು ಕಮ್ಮಿ?" ಅಂದರು ಹೆಡ್‌ಮಾಸ್ಟರು.

"ಒಂಬತ್ತು. ಎಲ್ಲಾ ಲೆಕ್ಕದ್ದು."

ಹೆಡ್‌ಮಾಸ್ಟರು ಬಿಲ್ಲೆಯನ್ನು ಮೇಜಿನ ಮೇಲಿಟ್ಟರು. ನಮ್ಮೂರಲ್ಲಿ ಇದಕ್ಕೆ ಒಂದು ಹಳೆಯ ಕಟ್ಟಳೆ ಇದೆ. ಮಾಸಿದ ಹಾಳೆಗಳನ್ನು ತಾಯಿತಂದೆಯರು ಕದ್ದು ತೆಗೆಯುವುದುಂಟು. ಹಾಗಾಗಿ ಇರಬೇಕಾದ ಹಾಳೆ ಇಲ್ಲದಿದ್ದರೆ ಅದು ಮಾಸಿದ್ದಕ್ಕೆ ಸಮ. ಇಷ್ಟು ದಿನ ಪಟ್ಟಿಯಿರಲಿಲ್ಲ, ಯಾರೂ ಎಣಿಸುತ್ತಿರಲಿಲ್ಲ. ಈಗ ಪಟ್ಟಿಯಿತ್ತು.

"ಯಾರು ತೆಗೆದಿದ್ದು?" ಅಂತ ಅವರು ಜಯಶೀಲಿಯನ್ನು ಕೇಳಿದರು.

"ನಂಗೊತ್ತಿಲ್ಲ ಸಾರ್. ದೇವ್ರಾಣೆ."

"ಆಣೆ ಬೇಡಮ್ಮ. ಒಂಬತ್ತು ಬಿಳಿ ಹಾಳೆ ಅಂತ ಲೆಕ್ಕ. ಮೊದಲ ಮನೆ," ಅಂತ ಬಿಲ್ಲೆ ಮತ್ತೆ ಎತ್ತಿಕೊಂಡರು.

"ಅವು ಬಿಳಿ ಇರ್ಲಿಲ್ಲ ಸಾರ್!" ಅಂದಳು ಸುಗುಣ. "ಮೊನ್ನೆನೂ ನೋಡಿದ್ದೀನಿ. ಕಪ್ಪಗಿದ್ವು."

ಕಿಟಕಿಯ ಹೊರಗೆ ಯಾರೋ, "ಎಲ್ರೂ ಹಂಗೇ ಅಂತಾರೆ," ಅಂದರು. ಜಯಶೀಲಿ ಮಗಳ ಭುಜ ಹಿಡಿದುಕೊಂಡಳು. ಬಿಲ್ಲೆ ಮೊಳೆಯ ಹತ್ತಿರ ಹೋಗುತ್ತಿತ್ತು. ಕೀಲಿಗೊಂಚಲು ನನ್ನ ಸೊಂಟದಲ್ಲಿ ಬಂಡೆಯ ಹಾಗೆ ಜಗ್ಗುತ್ತಿತ್ತು. ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಮಗು ಹೋಗುತ್ತದೆ. ಇದರಲ್ಲಿ ಯೋಚನೆ ಮಾಡುವುದೇನಿದೆ ಅಂತ ಈಗ ನಿಮಗೆ ಅನಿಸಬಹುದು. ಆ ಹೊತ್ತಿನಲ್ಲಿ ನಾನು ಯೋಚನೆ ಮಾಡಿದೆ. ಸುಳ್ಳು ಹೇಳುವುದಿಲ್ಲ.

ಆಮೇಲೆ ಎಲೆಯಡಿಕೆ ಚೀಲ ಬಿಚ್ಚಿ ಮಡಚಿದ ಹಾಳೆಗಳನ್ನು ಮೇಜಿನ ಮೇಲಿಟ್ಟೆ. ಅಂಚಿಗೆ ಸುಣ್ಣ ತಾಗಿತ್ತು.

"ನಾನು ತೆಗ್ದಿದ್ದು ಸಾರ್. ಅವ್ವನಿಗೂ ಗೊತ್ತಿಲ್ಲ, ಮಗೀಗೂ ಗೊತ್ತಿಲ್ಲ."

ಸುಗುಣ ನನ್ನ ಕಡೆ ತಿರುಗಿದಳು. "ಸಾಕಜ್ಜಿ, ನೀನಾ?" ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹೆಡ್‌ಮಾಸ್ಟರು ಹಾಳೆ ಬಿಡಿಸಿದರು. ಒಂದಾದ ಮೇಲೆ ಒಂದು ತಿರುವಿದರು. "ಕಪ್ಪಗಿವೆ, ನಿಜ. ಆದ್ರೆ ಎಲ್ಲಾ ತಪ್ಪು. ಬಿಳಿ ಹಾಳೆಗಿಂತ ಇದು ಮೇಲು ಅಂತ ಹೇಗೆ ಹೇಳ್ಲಿ? ತಪ್ಪನ್ನೇ ಇಷ್ಟು ಗಟ್ಟಿಯಾಗಿ ನೆನಪಿಟ್ಕೊಂಡಿದಾಳೆ."

"ಪಕ್ಕದಲ್ಲಿ ಬರೆದಿರೋದು ಓದಿ ಸಾರ್," ಅಂದರು ನಸೀಮಾ ಮಿಸ್. "ತಾನೇ ತಿದ್ದಿದಾಳೆ."

"ಟೈಮ್ ಎಲ್ಲಿದೆಯಮ್ಮ? ಇನ್ನೂ ಒಂಬತ್ತು ಪೆಟ್ಟಿಗೆ ಇದೆ. ಹಲಗೇಲಿ ಇರೋದು ನಾಲ್ಕು ಸಾಲು. ತಿದ್ದಿದ್ದಕ್ಕೆ ಬಿಲ್ಲೆ ಯಾವ ಸಾಲಿಗೆ ಹಾಕ್ಲಿ, ನೀವೇ ಹೇಳಿ."

ಮಿಸ್ ಹಲಗೆ ನೋಡಿದರು. ನಾಲ್ಕೇ ಸಾಲು. ನಾಲ್ಕರ ಕೆಳಗೆ ಸೊಸೈಟಿಯವರು ಕೊಟ್ಟ ಲಕ್ಷ್ಮಿಯ ದೊಡ್ಡ ಕ್ಯಾಲೆಂಡರು. ದೇವರ ಪಟ, ಯಾರು ಎತ್ತಿ ನೋಡುತ್ತಾರೆ? ವರ್ಷಕ್ಕೊಮ್ಮೆ ಬರುವ ತಾಯಿತಂದೆಯರು ಸಾಲು ಎಣಿಸುವವರಲ್ಲ. ನಾನು ನೋಡಿದ್ದೆ. ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ ಹಲಗೆ ಒರೆಸುವಾಗ ಕೊನೆಯ, ಐದನೆಯ ಸಾಲು ತೆಳ್ಳಗಾಗಿದ್ದು ಕಂಡಿತು. ಬಟ್ಟೆ ನೆನೆದು ಹೆಚ್ಚಾಯಿತೇನೋ ಅಂದುಕೊಂಡೆ. ವಾರದಲ್ಲಿ ಅಲ್ಲಿ ಅಕ್ಷರವೇ ಇರಲಿಲ್ಲ. ಅದರ ಮಾರನೇ ದಿನ ಕ್ಯಾಲೆಂಡರು ಬಂತು. ಬರೆದವರು ಅವರು, ಒರೆಸುವವಳು ನಾನು. ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆ ಮಾತು ಎತ್ತಲಿಲ್ಲ. ಅನ್ನ ಕೊಟ್ಟವರ ಮಾನ ಅಂತ ನಾನು ಸುಮ್ಮನಿದ್ದೆ. ಮರ್ಯಾದಸ್ಥರ ಊರಲ್ಲಿ ಹೀಗೇ ಆಗುತ್ತದೆ. ನಾನು ಅವರ ಮಾನ ಕಾದೆ, ಅದರ ದಂಡ ಹದಿನಾಲ್ಕು ಮಕ್ಕಳು ಕಟ್ಟಿದವು.

ಹೋಗಿ ಕ್ಯಾಲೆಂಡರು ಕಿತ್ತುಬಿಡಬಹುದಿತ್ತು. ಇಪ್ಪತ್ತು ಜನ ಒಳಗೆ, ಐವತ್ತು ಜನ ಹೊರಗೆ. ಆ ಮನುಷ್ಯ ಇನ್ನು ಬೀದಿಯಲ್ಲಿ ತಲೆಯೆತ್ತುವ ಹಾಗಿರುತ್ತಿರಲಿಲ್ಲ. ಬೆನ್ನಿಗೆ ಗೋಡೆ ತಾಗಿದವರು ಸರಿಯಾದದ್ದನ್ನೂ ಸಿಟ್ಟಿನಲ್ಲೇ ಮಾಡುತ್ತಾರೆ, ಆ ಸಿಟ್ಟು ಹುಡುಗಿಯ ಮೇಲೆ ಬೀಳುತ್ತದೆ. ನಾನು ಸೊಂಟದ ಒರೆಸುವ ಬಟ್ಟೆ ತೆಗೆದು ಕೈಯಲ್ಲಿ ಹಿಡಿದುಕೊಂಡೆ.

"ಸಾರ್, ಕ್ಯಾಲೆಂಡ್ರ ಹಿಂದೆ ಧೂಳು ಕೂತೈತೆ. ತೆಗೆದು ಒರೆಸ್ಲಾ?"

ಎಲ್ಲರೂ ನನ್ನನ್ನು ಹುಚ್ಚಿ ಅನ್ನುವ ಹಾಗೆ ನೋಡಿದರು. ಹೆಡ್‌ಮಾಸ್ಟರು ಮಾತ್ರ ನೋಡಲಿಲ್ಲ. ಅವರ ಕೈಯಲ್ಲಿದ್ದ ಬಿಲ್ಲೆ ಅಲುಗುವುದು ನಿಂತಿತು. ಕಿವಿಯ ತುದಿ ಕೆಂಪಾಯಿತು.

"ಬೇಡ," ಅಂದರು ಕೊನೆಗೆ. "ಕೂತ್ಕೋ ಸಾಕಮ್ಮ."

ಮುಗಿಯಿತು ಅಂದುಕೊಂಡೆ. ಆದರೆ ಅವರು ಬಿಲ್ಲೆಯನ್ನು ಮೊಳೆಗೆ ಹಾಕಲಿಲ್ಲ. ಮೇಜಿನ ಮೇಲಿಟ್ಟು, ಕನ್ನಡಕ ಒರೆಸಿ ಹಾಕಿಕೊಂಡು, ಜೂನ್ ತಿಂಗಳ ಹಾಳೆ ಎತ್ತಿ ಬೆಳಕಿಗೆ ಹಿಡಿದರು. ಮೂರು ವರ್ಷದ ಮೇಲೆ ಹಾಗೆ ಹಿಡಿದದ್ದು.

"ಬಾರಮ್ಮ ಇಲ್ಲಿ. ಅರ್ಧಕ್ಕೆ ಕಾಲು ಕೂಡಿಸಿದ್ರೆ ಆರರಲ್ಲಿ ಎರಡು ಅಂತ ಬರ್ದಿದೀಯ. ಹೇಗೆ ಬಂತು?"

ಸುಗುಣ ಮುಂದೆ ಬಂದಳು. "ಮೇಲಿಂದಕ್ಕೆ ಮೇಲಿಂದು, ಕೆಳಗಿಂದಕ್ಕೆ ಕೆಳಗಿಂದು ಕೂಡ್ಸಿದ್ದೆ ಸಾರ್. ಒಂದು ಒಂದು ಎರಡು. ಎರಡು ನಾಕು ಆರು."

"ತಪ್ಪು ಅಂತ ಯಾರು ಹೇಳಿದ್ರು?"

"ಮಿಸ್ ಅಡ್ಡಗೆರೆ ಹಾಕಿದ್ರು. ಯಾಕೆ ಅಂತ ಅವತ್ತು ತಿಳೀಲಿಲ್ಲ. ಒಂಬತ್ತು ವಾರ ಬೇರೆಬೇರೆ ಥರ ಮಾಡಿ ನೋಡ್ದೆ, ಎಲ್ಲಾ ತಪ್ಪೇ ಬಂತು. ಆಮೇಲೆ ಒಂದಿನ ಭಟ್ಟೀಲಿ ನಿಂತಿದ್ದಾಗ ತಿಳೀತು. ಆರರಲ್ಲಿ ಎರಡು ಅಂದ್ರೆ ಮೂರರಲ್ಲಿ ಒಂದು ಸಾರ್. ಅರ್ಧ ಸೇರು ಪುರಿ ಇದೆ. ಅದರ ಮೇಲೆ ಕಾಲು ಸೇರು ಸುರಿದ್ರೆ ಅರ್ಧಕ್ಕಿಂತ ಕಮ್ಮಿ ಆಗೋಯ್ತು! ಗಿರಾಕಿ ಸುಮ್ನಿರ್ತಾನಾ?"

ಕಿಟಕಿಯ ಹೊರಗೆ ಒಬ್ಬರು ನಕ್ಕರು. ಬೆಳಗಿನಿಂದ ಅದೇ ಮೊದಲ ನಗು.

"ಮತ್ತೆ ಹೇಗೆ ಮಾಡ್ಬೇಕು?"

"ಎರಡನ್ನೂ ಒಂದೇ ಪಾತ್ರೇಲಿ ಅಳೀಬೇಕು ಸಾರ್. ಕಾಲು ಸೇರಿಂದೇ ತಗೊಂಡ್ರೆ ಅರ್ಧದಲ್ಲಿ ಎರಡು ಪಾತ್ರೆ, ಇದು ಒಂದು ಪಾತ್ರೆ. ಒಟ್ಟು ಮೂರು. ಮುಕ್ಕಾಲು. ಪಾತ್ರೆ ಬೇರೆಬೇರೆ ಇದ್ರೆ ಕೂಡ್ಸೋಕಾಗಲ್ಲ. ನನ್ನ ಒಂಬತ್ತು ಹಾಳೇಲೂ ಇರೋದು ಅದೊಂದೇ ತಪ್ಪು, ಬೇರೆಬೇರೆ ವೇಷ ಹಾಕ್ಕೊಂಡು ಬಂದಿತ್ತು."

"ಅಯ್ಯೋ, ಅದಾ?" ಅಂದಳು ಜಯಶೀಲಿ, ತನಗೇ ತಿಳಿಯದೆ. "ನಾನು ದಿನಾ ಗಿರಾಕಿಗೆ ಅಳೆದು ಕೊಡೋದೂ ಹಂಗೇ ಅಲ್ವಾ? ಅದ್ನ ಲೆಕ್ಕ ಅಂತಾರಾ?" ಆಮೇಲೆ ಎಲ್ಲರೂ ನೋಡುತ್ತಿದ್ದಾರೆಂದು ಬಾಯಿಗೆ ಸೆರಗು ಹಿಡಿದಳು.

ಹೆಡ್‌ಮಾಸ್ಟರು ಹುಡುಗಿಯನ್ನು ನೋಡಿದರು, ತಾಯಿಯನ್ನು ನೋಡಿದರು. ಎದ್ದರು. ಕುರ್ಚಿ ಹಿಂದಕ್ಕೆ ಸರಿದ ಸದ್ದಿಗೆ ನಾನು ಬೆಚ್ಚಿದೆ. ಗೋಡೆಯ ಹತ್ತಿರ ಹೋಗಿ, ಲಕ್ಷ್ಮಿಗೆ ಕೈ ಮುಗಿದು, ಎರಡೂ ಕೈಯಿಂದ ಕ್ಯಾಲೆಂಡರನ್ನು ಮೊಳೆಯಿಂದ ಬಿಡಿಸಿದರು.

ಹಲಗೆಯ ಅಡಿಯಲ್ಲಿ ಒಂದು ಗೇಣಗಲ ಬಿಳಿ ಪಟ್ಟಿ. ನಾಲ್ಕು ಮೊಳೆ. ಒಂದಕ್ಷರವಿಲ್ಲ.

ನಮ್ಮೂರಿನವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಕೋಣೆಯಲ್ಲಿ ಎಲ್ಲರೂ ಒಮ್ಮೆಲೇ ನೆಲ ನೋಡಿದರು, ದೊಡ್ಡ ಮನುಷ್ಯರ ಪಂಚೆ ಜಾರಿದಾಗ ನೋಡುವ ಹಾಗೆ.

"ಇಲ್ಲಿ ಒಂದು ಸಾಲಿತ್ತು," ಅಂದರು ವೃಷಭೇಂದ್ರಪ್ಪನವರು. ದನಿ ಸಣ್ಣಗಿತ್ತು, ಆದರೆ ಕಿಟಕಿಯ ಹೊರಗಿನವರಿಗೂ ಕೇಳಿಸಿತು. "ಬರೆದವನು ನಾನು. ಮರೆತವನೂ ನಾನೇ. ಮರೆತಿದೀನಿ ಅಂತ ಗೊತ್ತಾದ ಮೇಲೂ ಮುಚ್ಚಿಟ್ಟೆ. ಈಗಲೂ ಅದರ ಮಾತು ನೆನಪಾಗ್ತಿಲ್ಲ." ಸುಗುಣಳ ಕಡೆ ತಿರುಗಿದರು. "ಆದರೆ ಅದು ಏನಕ್ಕೆ ಅಂತ ಬರೆದಿದ್ದೆ ಅನ್ನೋದು ಈಗ ಈ ಮಗು ಹೇಳಿದ ಮೇಲೆ ತಿಳೀತು."

ಲೆಕ್ಕದ ಬಿಲ್ಲೆ ಮೂರನೇ ಮನೆಗೆ ಬಿತ್ತು. ಇನ್ನೊಂದು ಬಿಲ್ಲೆ ತೆಗೆದುಕೊಂಡು ಆ ಖಾಲಿ ಪಟ್ಟಿಯ ನಾಲ್ಕನೇ ಮೊಳೆಗೆ ಹಾಕಿದರು. ಇನ್ನೊಬ್ಬರಿಗೆ ಕಲಿಸುತ್ತಾರೆ ಅನ್ನುವ ಮನೆ. ಜಯಶೀಲಿ ಬಿಲ್ಲೆಯನ್ನೇ ನೋಡುತ್ತ, "ಅದು ಹೋಗೋ ಮನೆನಾ, ಇರೋ ಮನೆನಾ?" ಅಂತ ನನ್ನನ್ನು ಕೇಳಿದಳು. "ಹೋಗೋ ಮನೆ ಕಣೆ," ಅಂದೆ. ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ಸಾಕಮ್ಮ," ಅಂದರು ಹೆಡ್‌ಮಾಸ್ಟರು. "ಕೀಲಿ ಕೊಡು."

ಸೊಂಟದಿಂದ ಗೊಂಚಲು ಬಿಚ್ಚಿ ಕೊಟ್ಟೆ. ಅವರು ಅದನ್ನು ನಸೀಮಾ ಮಿಸ್ ಕೈಗಿಟ್ಟರು. ಅದು ಸರಿಯೇ. ಪ್ರೀತಿಯಿಂದ ಕದ್ದರೂ ಕದ್ದದ್ದೇ, ಮಗುವಿನ ದುಡಿಮೆಯಲ್ಲಿ ಯಾವುದು ಉಳಿಯಬೇಕು ಅಂತ ಹೇಳಲು ನಾನು ಯಾರು? ಕೆಲಸದಿಂದ ತೆಗೆಯುತ್ತಾರೆ ಅಂತ ಕಾದೆ. "ಗಂಟೆ ಯಾರು ಹೊಡೀತಾರೆ? ಹೋಗು, ಹೊತ್ತಾಯ್ತು," ಅಂದರು. "ಅದಾದ್ಮೇಲೆ ಅಟ್ಟದಿಂದ ಆ ಮೂರು ವರ್ಷದ ಪೆಟ್ಟಿಗೆ ಇಳಿಸು. ಎರಡನೇ ಸಲ ತೆರೀತೀವಿ."

ಹದಿನಾಲ್ಕೂ ಇಳಿಸಿದೆವು. ಎಲ್ಲ ಒಳ್ಳೆಯದಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಐದು ಪೆಟ್ಟಿಗೆಯಲ್ಲಿ ಹಾಳೆಗಳು ಇನ್ನೂ ಕಪ್ಪಗಿದ್ದವು, ಆ ಐವರನ್ನು ಕರೆಸಿದರು. ಉಳಿದ ಒಂಬತ್ತು ಬೆಳ್ಳಗಾಗಿದ್ದವು. ಬೇಡ ಅಂತ ಕಳಿಸಿದ ಮೇಲೆ ಮಕ್ಕಳು ನೆನಪಿಟ್ಟುಕೊಂಡು ಮಾಡುವುದೇನು? ತಿಪ್ಪೇಶನ ಪೆಟ್ಟಿಗೆಯಲ್ಲಿ ಒಂದು ಹಾಳೆಯ ಮೂಲೆಯಲ್ಲಿ ಅವನ ಹೆಸರು ಮಾತ್ರ ಉಳಿದಿತ್ತು. ಹೆಡ್‌ಮಾಸ್ಟರು ಆ ಒಂಬತ್ತು ಮನೆಗೂ ತಾವೇ ನಡೆದು ಹೋದರು, ಮತ್ತೆ ಬಂದು ಕೂತುಕೊಳ್ಳಿ, ಮೊದಲಿಂದ ಕಲಿಸುತ್ತೇನೆ ಅಂದರು. ಇಬ್ಬರು ಬಂದರು. ತಿಪ್ಪೇಶ ಬರಲಿಲ್ಲ. ಚಕ್ರದಿಂದ ತಲೆ ಎತ್ತದೆ, "ಈಗ ಇದ್ರಲ್ಲಿ ನಾನು ಮೂರನೇ ಮನೆ ಸಾರ್, ಬಿಡಿ," ಅಂದನಂತೆ.

ಐದನೆಯ ಸಾಲನ್ನು ಮತ್ತೆ ಬರೆಯಬೇಕಾಯಿತು. ಹೆಡ್‌ಮಾಸ್ಟರು ಕುಂಚ ಹಿಡಿದು ನಿಂತವರು ಬಹಳ ಹೊತ್ತು ಬರೆಯಲಿಲ್ಲ. "ನಾನು ಬರೆದ್ರೆ ಮತ್ತೆ ಮಾಸುತ್ತೆ," ಅಂತ ಸುಗುಣಳನ್ನು ಕರೆಸಿದರು. ಅವಳು ಸ್ಟೂಲಿನ ಮೇಲೆ ಕೂತು, ನಾಲಗೆ ಕಚ್ಚಿಕೊಂಡು, ಮೊದಲು 'ಮಿಸ್ ತೋರಿಸಿದ ತಪ್ಪನ್ನು' ಅಂತ ಬರೆದಳು. ನಿಲ್ಲಿಸಿದಳು. 'ಮಿಸ್ ತೋರಿಸಿದ' ಅನ್ನುವುದರ ಮೇಲೆ ಗೆರೆ ಎಳೆದು, ಮೇಲೆ 'ತನ್ನ' ಅಂತ ಬರೆದು, ಮುಂದುವರಿಸಿದಳು: 'ಕಂಡುಕೊಂಡು, ಯಾಕೆಂದು ತಿಳಿದುಕೊಂಡು, ತಿದ್ದಿಕೊಳ್ಳುವುದು.' ಗೆರೆ ಎಳೆದದ್ದನ್ನು ಬಿಳಿ ಬಣ್ಣ ಹಚ್ಚಿ ಮುಚ್ಚಲೇ ಅಂತ ನಾನು ಕೇಳಿದೆ. ಮಕ್ಕಳ ವಿಷಯದಲ್ಲಿ ನನ್ನ ಕೈ ಇನ್ನೂ ಸುಮ್ಮನಿರುವುದಿಲ್ಲ. ಹೆಡ್‌ಮಾಸ್ಟರು ಬೇಡ ಅಂದರು.

ಈಗ ಏಳು ವರ್ಷವಾಯಿತು. ಸುಗುಣ ಮೇಲಿನ ಸ್ಕೂಲು ಮುಗಿಸಿ ಎಲ್ಲಿಗೋ ಓದಲು ಹೋಗಿದ್ದಾಳೆ, ಊರಿಗೆ ಬರುವುದು ಅಪರೂಪ. ಕಾಗದವನ್ನೂ ಬರೆಯುವುದಿಲ್ಲ. ಆ ಚಿಕ್ಕ ಜರಡಿಯ ಹಿಡಿ ಕಿತ್ತು ಜಯಶೀಲಿ ಈಗ ಅದರಲ್ಲಿ ಗೋಧಿ ಹಿಟ್ಟು ಜರಡಿ ಹಿಡಿಯುತ್ತಾಳೆ. ನಾನು ದಿನಾ ಬೆಳಗ್ಗೆ ಗಂಟೆ ಹೊಡೆಯುವ ಮೊದಲು ಹಲಗೆ ಒರೆಸುತ್ತೇನೆ, ಕೊನೆಯ ಸಾಲಿಗೆ ಬಂದಾಗ 'ತನ್ನ' ಅನ್ನುವುದರ ಕೆಳಗೆ ಬಟ್ಟೆಯನ್ನು ನಿಧಾನವಾಗಿ ಆಡಿಸುತ್ತೇನೆ. ಅಡ್ಡಗೆರೆ ಬಿದ್ದ ಆ ಎರಡು ಮಾತು ಇವತ್ತಿಗೂ ಕಪ್ಪಗಿವೆ.